ಶೆಡ್ಡಿನ ಬಾಗಿಲಲ್ಲಿ ಯಾರೂ ನೋಡದ ಕೈ

ಇಂದಿನ ಬೀಳ್ಕೊಡುಗೆ ಸಭೆಯ ಅಧ್ಯಕ್ಷರೂ ನಮ್ಮೂರ ಹಾಲಿನ ಸಂಘದ ಚೇರಮನ್ನರೂ ಆದ ಕಾಕಾಸಾಹೇಬರೇ, ಮೂರು ವರ್ಷ ನಮ್ಮ ದನದ ದವಾಖಾನೆಯನ್ನು ನಡೆಸಿ ಇವತ್ತು ನಮ್ಮನ್ನು ಬಿಟ್ಟು ಹೊರಟಿರುವ ಡಾಕ್ಟರ್ ಸುಗಂಧಾ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಮಂಡಪದ ನೆರಳು ಸಾಲದೆ ಸೆರಗು ಹೊದ್ದು ಕೂತಿರುವ ತಾಯಂದಿರೇ, ಚಹಾ ಎಲ್ಲಿಯವರೆಗೆ ಬಂತು ಎಂದು ಆಗಾಗ ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಡಾಕ್ಟರಿಗೆ ಶಾಲು ಹೊದಿಸಿ, ನಮ್ಮ ಶೆಡ್ಡಿನ ಒಣದ್ರಾಕ್ಷಿ ಬೇದಾಣೆಯ ಪೊಟ್ಟಣ ಕೈಗೆ ಕೊಟ್ಟು, ಎರಡು ಒಳ್ಳೆಯ ಮಾತು ಆಡಿ ಕೂಡಬೇಕು ಎಂದು ಕಾಕಾಸಾಹೇಬರು ಹೇಳಿದ್ದಾರೆ. ನಾನು ಐದು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತೇನೆ. ಒಳ್ಳೆಯ ಮಾತು ಎರಡಕ್ಕಿಂತ ಕಡಿಮೆ ಆಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಈ ಊರಿನಲ್ಲಿ ಶಿವಗಂಗವ್ವ ಎಂಬ ನನ್ನ ಮಾತನ್ನು ನಡುವೆ ತಡೆದವರು ಇದುವರೆಗೆ ಯಾರೂ ಇಲ್ಲ. ತಡೆದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಡಾಕ್ಟರ್ ಸುಗಂಧಾ ಅವರು ಬಂದದ್ದು ಎರಡು ಸಾವಿರದ ಹನ್ನೊಂದರಲ್ಲಿ. ಬಂದ ವಾರವೇ ನಮ್ಮ ಅಧ್ಯಕ್ಷರ ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತು. ಸುಡುಬಿಸಿಲಿನಲ್ಲಿ ಮೂರು ತಾಸು ಮೊಣಕಾಲೂರಿ, ಭುಜದವರೆಗೆ ಕೈ ಹಾಕಿ, ತಾಯಿ ಕರು ಎರಡನ್ನೂ ಉಳಿಸಿಕೊಟ್ಟರು. ಆ ಎಮ್ಮೆ ಇವತ್ತಿಗೂ ಹೊತ್ತಿಗೆ ಆರು ಲೀಟರ್ ಹಾಲು ಕೊಡುತ್ತಿದೆ. ಹೌದೋ ಅಲ್ಲವೋ ಕಾಕಾಸಾಹೇಬರೇ? ತಲೆ ಅಲ್ಲಾಡಿಸಿದರು. ಇದನ್ನು ನೆನಪಿನಲ್ಲಿ ಇಟ್ಟುಕೊಂಡಿರಿ. ಮುಂದೆ ಬೇಕಾಗುತ್ತದೆ.

ಹೋದ ವರ್ಷ ಅವರು ತಮ್ಮ ಸ್ವಂತ ಪಗಾರದಲ್ಲಿ ಒಂದು ಯಂತ್ರ ತರಿಸಿದರು. ಯಂತ್ರ ಎಂದರೆ ದೊಡ್ಡದೇನಲ್ಲ, ಹೆಬ್ಬೆರಳಿನಷ್ಟು. ತುದಿಯಲ್ಲಿ ಒಂದು ಭೂತಗನ್ನಡಿ, ಅದರ ಸುತ್ತ ಸಣ್ಣ ಸಣ್ಣ ದೀಪ. ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬೆಕ್ಕಿನ ಮೈಮೇಲೆ ಇಟ್ಟರೆ, ಒಂದೊಂದು ಕೂದಲೂ ಬಾವಿಯ ಹಗ್ಗದಷ್ಟು ದಪ್ಪವಾಗಿ ಪರದೆಯ ಮೇಲೆ ಕಾಣುತ್ತದೆ. ಕೂದಲಿನ ಬುಡ, ತುದಿ, ಚರ್ಮದ ಬಣ್ಣ, ಹೊಟ್ಟು, ಹೇನು, ಎಲ್ಲವೂ. ಸೂಜಿ ಇಲ್ಲ, ಬ್ಲೇಡು ಇಲ್ಲ, ರಕ್ತ ಇಲ್ಲ. ಬೆಕ್ಕು ಒಡತಿಯ ತೊಡೆಯ ಮೇಲೆ ಕೂತೇ ಇರುತ್ತದೆ.

ನಾವು ಏನು ಮಾಡಿದೆವು? ನಕ್ಕೆವು. ಸರಕಾರ ಈ ಹೆಣ್ಣು ಡಾಕ್ಟರಿಗೆ ಬೆಕ್ಕಿನ ಕೂದಲು ಎಣಿಸಲು ಪಗಾರ ಕೊಡುತ್ತದೆ ಎಂದು ಕಟ್ಟೆಯ ಮೇಲೆ ಕೂತು ಆಡಿಕೊಂಡೆವು. ನಾಳೆ ಇಲಿಗೆ ಕನ್ನಡಕ ಹಾಕುತ್ತಾರೆ ಎಂದು ಒಬ್ಬರು, ಸೊಳ್ಳೆಗೆ ಹಲ್ಲು ಕಟ್ಟಿಸುತ್ತಾರೆ ಎಂದು ಇನ್ನೊಬ್ಬರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಏಕೆಂದರೆ ನನಗೆ ನನ್ನ ಕಣ್ಣಿನ ಮೇಲೆ ಭರವಸೆ ಇತ್ತು. ನಮ್ಮ ಯಜಮಾನರು ಬಾಬಾಸಾಹೇಬರು ತೀರಿಕೊಂಡ ಮೇಲೆ ಹದಿಮೂರು ವರ್ಷ ದ್ರಾಕ್ಷಿ ತೋಟವನ್ನು ಒಬ್ಬಳೇ ನಡೆಸಿದವಳು ನಾನು. ಎಲೆಯ ಬೆನ್ನು ತಿರುವಿ ನೋಡಿ, ಬೂದಿರೋಗ ಬಂದಿದೆಯೋ ಇಲ್ಲವೋ, ಬಂದು ಎಷ್ಟು ದಿನವಾಯಿತು ಎಂದು ಹೇಳಬಲ್ಲೆ. ಅಥಣಿಯ ಔಷಧದ ಅಂಗಡಿಯವರು ನನ್ನನ್ನು ಕೇಳಿ ಬೇರೆ ರೈತರಿಗೆ ಔಷಧ ಕೊಟ್ಟದ್ದುಂಟು. ಅಂಥ ಕಣ್ಣಿಗೆ ಭೂತಗನ್ನಡಿ ಯಾಕೆ?

ನಮ್ಮ ಶೆಡ್ಡಿನ ರೀತಿ ಇಲ್ಲಿ ಕೂತಿರುವ ಅರ್ಧ ತಾಯಂದಿರಿಗೆ ಗೊತ್ತಿದೆ. ದ್ರಾಕ್ಷಿ ಒಣಗಿ ಬೇದಾಣೆಯಾದ ಮೇಲೆ ಅದರ ಕಡ್ಡಿ ಬಿಡಿಸಿ ಆರಿಸುವ ಕೆಲಸಕ್ಕೆ ದಿನಾ ಹದಿನೆಂಟು ಇಪ್ಪತ್ತು ಹೆಣ್ಣುಮಕ್ಕಳು ಬರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬಾಗಿಲ ಮುಂದೆ ಸಾಲಾಗಿ ನಿಲ್ಲಬೇಕು. ನಾನು ಒಬ್ಬೊಬ್ಬರ ಕೈ ನೋಡುತ್ತೇನೆ. ಉಗುರು, ಬೆರಳಿನ ಸಂದು, ಬಳೆಯ ಸಂದು. ತಲೆಗೆ ಬಟ್ಟೆ ಬಿಗಿಯಾಗಿ ಕಟ್ಟಿದ್ದಾರೋ ಇಲ್ಲವೋ. ಸ್ವಚ್ಛ ಇದ್ದವರು ಒಳಗೆ, ಇಲ್ಲದವರು ಮನೆಗೆ. ಅಳುತ್ತ ಹೋದವರೂ ಇದ್ದಾರೆ, ಮನಸ್ಸಿನಲ್ಲೇ ಬೈಯುತ್ತ ಹೋದವರೂ ಇದ್ದಾರೆ. ಅದಕ್ಕೇ ನಮ್ಮ ಬೇದಾಣೆಯಲ್ಲಿ ಒಂದು ಕೂದಲು ಸಿಕ್ಕಿತು ಎಂದು ತಾಸಗಾಂವದ ವ್ಯಾಪಾರಿಗಳು ಒಂದು ದಿನವೂ ಅಂದಿಲ್ಲ. ಇಷ್ಟು ವರ್ಷದಲ್ಲಿ ಆ ಬಾಗಿಲಲ್ಲಿ ಯಾರೂ ನೋಡದ ಕೈ ಒಂದೇ. ಅದು ನನ್ನದು.

ಈ ರೀತಿಯನ್ನು ಎಲ್ಲಿ ಕಲಿತಿರಿ ಎಂದು ಸೀಮಾ ನನ್ನನ್ನು ಒಮ್ಮೆ ಕೇಳಿದ್ದಳು. ಸೀಮಾ ಎಂದರೆ ನನ್ನ ಸೊಸೆ, ಮಗ ಅಮೋಲನ ಹೆಂಡತಿ, ರಾಯಬಾಗ ತಾಲ್ಲೂಕಿನ ಅಲಖನೂರಿನವಳು. ದೊಡ್ಡ ಮನೆತನದ ಶಿಸ್ತು ಎಂದು ಉತ್ತರ ಕೊಟ್ಟಿದ್ದೆ. ಅದು ಸುಳ್ಳು. ನನ್ನ ತವರು ನಿಪ್ಪಾಣಿ. ತಂದೆ ತಂಬಾಕಿನ ವಖಾರಿಯಲ್ಲಿ, ಗೋದಾಮಿನಲ್ಲಿ, ಕಾರಕೂನರು ಎಂದು ನಿಮಗೆಲ್ಲ ಗೊತ್ತು, ಅದನ್ನು ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ನನ್ನ ತಾಯಿ ಅದೇ ವಖಾರಿಯಲ್ಲಿ ನೆಲದ ಮೇಲೆ ಕೂತು ತಂಬಾಕಿನ ಎಲೆ ಆರಿಸುತ್ತಿದ್ದಳು ಎಂಬುದನ್ನು ಈ ಊರಿಗೆ ಬಂದು ನಲವತ್ತೊಂದು ವರ್ಷವಾದರೂ ನಾನು ಯಾರಿಗೂ ಹೇಳಿಲ್ಲ. ಸಂಜೆ ಮನೆಗೆ ಬಿಡುವಾಗ ಮೇಲ್ವಿಚಾರಣೆಯ ಮುಕಾದಮ ಬಾಗಿಲಲ್ಲಿ ನಿಂತು, ತಂಬಾಕು ಕದ್ದು ಒಯ್ಯುತ್ತಾರೋ ಎಂದು ಹೆಂಗಸರ ಕೈ, ಸೆರಗು, ತುರುಬು ನೋಡುತ್ತಿದ್ದ. ನಾನು ಹೈಸ್ಕೂಲಿನಿಂದ ಬರುವಾಗ ದಿನಾ ನೋಡುತ್ತಿದ್ದೆ. ಒಂದು ದಿನ ನನ್ನ ತಾಯಿಯ ತುರುಬು ಬಿಚ್ಚಿಸಿದ. ಏನೂ ಸಿಗಲಿಲ್ಲ. ಆಕೆ ಕೂದಲು ಕಟ್ಟಿಕೊಳ್ಳುತ್ತ ನನ್ನನ್ನು ನೋಡಿದಳು. ಆ ದಿನ ನಾನು ಏನು ಕಲಿತೆ? ಇಂಥದ್ದು ಯಾರಿಗೂ ಆಗಬಾರದು ಎಂದು ಕಲಿಯಬೇಕಾಗಿತ್ತು. ಬಾಗಿಲಲ್ಲಿ ನಿಂತು ನೋಡುವವಳು ನಾನಾಗಬೇಕು ಎಂದು ಕಲಿತೆ.

ಇರಲಿ. ಬೆಕ್ಕಿನ ಮಾತಿಗೆ ಬರುತ್ತೇನೆ.

ಬೆಕ್ಕಿನ ಹೆಸರು ಚಿಂಗಿ. ಬಿಳಿಯ ಮೈ, ಬೂದು ಬಾಲ. ಸೀಮಾ ತವರಿನಿಂದ ಬುಟ್ಟಿಯಲ್ಲಿ ತಂದದ್ದು. ಶೆಡ್ಡಿನಲ್ಲಿ ಇಲಿ ಇಲ್ಲದಂತೆ ನೋಡಿಕೊಂಡದ್ದು ಅದೇ. ಈ ವರ್ಷ ಫೆಬ್ರವರಿಯಲ್ಲಿ ಅದರ ಹೊಟ್ಟೆಯ ಕೂದಲು ಉದುರಿ ಅಂಗೈ ಅಗಲ ಬೋಳಾಯಿತು. ಅದೇ ವಾರ ಆರು ವರ್ಷದ ನನ್ನ ಮೊಮ್ಮಗಳು ಸಪನಾಳ ಮೊಣಕೈ ಕೆಳಗೆ ಬಳೆಯ ಹಾಗೆ ದುಂಡನೆಯ ಕೆಂಪು ಗಾಯ ಎದ್ದಿತು. ನಾನು ಒಮ್ಮೆ ಬೆಕ್ಕು ನೋಡಿದೆ, ಒಮ್ಮೆ ಕೂಸಿನ ಕೈ ನೋಡಿದೆ. ಗಜಕರ್ಣ. ಬೆಕ್ಕಿನದು ಕೂಸಿಗೆ ಹತ್ತಿದೆ. ನನಗೆ ಎರಡನೇ ಸಲ ನೋಡುವ ಅಭ್ಯಾಸವಿಲ್ಲ.

ಸೀಮಾ ಹೇಳಿದಳು, "ಇದು ಗಜಕರ್ಣ ಅಲ್ಲ ಅನಿಸತೈತ್ರಿ ಅತ್ತಿ. ಅದು ದಿನಾ ಹೊಟ್ಟಿ ನೆಕ್ಕೋತ ಕೂಡತೈತಿ. ಚಿಗಟ ಆಗಿರಬೇಕು."

"ನೀ ಯಾವ ಕಾಲೇಜಿನ್ಯಾಗ ಕಲಿತ ಬಂದಿ?" ಎಂದು ಕೇಳಿದೆ. ಅಲ್ಲಿಗೆ ಆ ಮಾತು ಮುಗಿಯಿತು.

ಬಳ್ಳಿಗೆ ಬೂದಿರೋಗ ಬಂದರೆ ನಾವು ಏನು ಹೊಡೆಯುತ್ತೇವೆ? ಗಂಧಕದ ಪುಡಿ. ಎಲೆಯ ಮೇಲಿನ ಬೂಷ್ಟು ಅದರಿಂದ ಸಾಯುತ್ತದೆ. ಗಜಕರ್ಣವೂ ಬೂಷ್ಟೇ ಎಂದು ನಾನು ಹೈಸ್ಕೂಲಿನಲ್ಲಿ ಓದಿದ್ದೆ. ಹಾಗಾದರೆ ಬಳ್ಳಿಗಾದದ್ದು ಬೆಕ್ಕಿಗೆ ಯಾಕೆ ಆಗಬಾರದು? ಸೀಮಾ ಅಡುಗೆಮನೆಯಲ್ಲಿದ್ದಾಗ ಬೆಕ್ಕನ್ನು ಹಿಡಿದು, ತೋಟದ ಡಬ್ಬಿಯಿಂದ ಎರಡು ಮುಷ್ಟಿ ಗಂಧಕ ತೆಗೆದು ಹೊಟ್ಟೆಗೆ ತಿಕ್ಕಿದೆ. ದಿನ ಬಿಟ್ಟು ದಿನ, ಮೂರು ವಾರ. ದ್ರಾಕ್ಷಿ ಬೆಳೆಯುವವರ ಹೊರತು ಬೇರೆ ಯಾರಿಗೂ ಇಂಥ ಬುದ್ಧಿ ಹೊಳೆಯಲಿಕ್ಕಿಲ್ಲ. ನಗಬೇಡಿ. ನಿಮ್ಮಲ್ಲಿ ಇಬ್ಬರು ನನ್ನನ್ನು ಕೇಳಿ ನಿಮ್ಮ ನಾಯಿಗೂ ಹಾಕಿದ್ದೀರಿ.

ಬೋಳು ಕಡಿಮೆಯಾಗಲಿಲ್ಲ. ಹೊಟ್ಟೆಯಿಂದ ತೊಡೆಗೆ, ತೊಡೆಯಿಂದ ಪಕ್ಕೆಗೆ ಹಬ್ಬಿತು. ನೋಡಿದಿರಾ, ರೋಗ ಹಬ್ಬುತ್ತಿದೆ ಎಂದೆ. ಒಂದು ಸೋಮವಾರ ಬೆಳಿಗ್ಗೆ ಶೆಡ್ಡಿನ ಸಾಲಿನಲ್ಲಿ ಸೀಮಾ ಕೊನೆಗೆ ನಿಂತಿದ್ದಳು. ಮನೆಯ ಸೊಸೆಯಾದರೂ ಸಾಲಿನಲ್ಲಿ ನಿಲ್ಲಬೇಕು ಎಂಬುದು ನನ್ನ ನಿಯಮ. ಆಕೆ ಎರಡೂ ಕೈ ಮುಂದೆ ಚಾಚಿದಳು. ತೊಳೆದ ಕೈ, ಕತ್ತರಿಸಿದ ಉಗುರು. ನಾನು ಕೈಯನ್ನು ನೋಡಲೇ ಇಲ್ಲ. ಹದಿನೆಂಟು ಮಂದಿ ಕೇಳುವ ಹಾಗೆ ಅಂದೆ, "ಗಜಕರ್ಣದ ಬೆಕ್ಕ ಸಾಕಿ ಹೊಟ್ಟಿಲೆ ಹುಟ್ಟಿದ ಕೂಸಿಗೆ ಹಚ್ಚಿದಾಕಿ ನೀ. ನಿನ್ನ ಕೈ ನನ್ನ ಬೇದಾಣಿಗೂ ಬ್ಯಾಡ, ನನ್ನ ಒಲಿಗೂ ಬ್ಯಾಡ."

ಆಕೆ ಚಾಚಿದ ಕೈಯನ್ನು ಒಮ್ಮೆಲೇ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಆಮೇಲೆ ಹೋದಳು.

ಮರುದಿನ ಆಕೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ದವಾಖಾನೆಗೆ ಹೊರಟಳು. ನಾನೂ ಹೊರಟೆ. ಯಾಕೆ ಹೊರಟೆ? ಬೆಕ್ಕಿಗೆ ಗುಣವಾಗಲಿ ಎಂದೇ? ಅಲ್ಲ. ನನ್ನ ಮಾತನ್ನೇ ಡಾಕ್ಟರ ಬಾಯಿಂದಲೂ ಅನ್ನಿಸಬೇಕು, ಅದೂ ಮಂದಿಯ ಮುಂದೆ ಅನ್ನಿಸಬೇಕು ಎಂದು. ಮಂಗಳವಾರ, ಎಮ್ಮೆ ಹೊಡೆದುಕೊಂಡು ಬಂದವರು ಇಪ್ಪತ್ತು ಜನ ಅಂಗಳದಲ್ಲಿದ್ದರು. ಬೆಕ್ಕಿನ ಸಿನಿಮಾ ಐತಿ ಬರ್ರಿ ಎಂದು ಯಾರೋ ಕೂಗಿದರು. ಎಲ್ಲರೂ ಬಾಗಿಲಿಗೆ ಮುಖ ಹಚ್ಚಿ ನಿಂತರು.

ಡಾಕ್ಟರು ಚಿಂಗಿಯನ್ನು ಸೀಮಾಳ ತೊಡೆಯ ಮೇಲೆಯೇ ಇರಿಸಿ, ಯಂತ್ರವನ್ನು ಬೋಳಾದ ಜಾಗದ ಅಂಚಿಗೆ ಇಟ್ಟರು. ಪರದೆಯ ಮೇಲೆ ಕೂದಲು ಬಂತು. ಸಭಿಕರೇ, ನನ್ನ ಅರವತ್ತು ವರ್ಷದ ಕಣ್ಣು ಅಂಥದ್ದನ್ನು ನೋಡಿರಲಿಲ್ಲ. ನಾನು ಬೋಳು ಎಂದು ತಿಳಿದಿದ್ದ ಜಾಗ ಬೋಳಾಗಿರಲೇ ಇಲ್ಲ. ತುಂಡಾದ ಕೂದಲು ಅಲ್ಲಿ ಕಬ್ಬು ಕಡಿದ ಹೊಲದ ಕೂಳೆಯ ಹಾಗೆ ಸಾಲಾಗಿ ನಿಂತಿತ್ತು.

ಡಾಕ್ಟರು ಬೆರಳು ತೋರಿಸಿ ಹೇಳಿದರು, "ಗಜಕರ್ಣ ಆಗಿದ್ರ ಕೂದಲ ಬರವಣಿಗ್ಯಾಗಿನ ಕಾಮಾದ ಗುರ್ತಿನಂಗ ಬಾಗಿ ಮುರಿದಿರತೈತ್ರಿ. ಇಲ್ಲಿ ಹಂಗ ಇಲ್ಲ. ಬುಡ ಗಟ್ಟಿ ಐತಿ, ತುದಿ ಮಾತ್ರ ಜಗಿದ ಬೇವಿನ ಕಡ್ಡಿ ಹಂಗ ಸೀಳೈತಿ. ಇದು ರೋಗದಿಂದ ಉದರಿಲ್ಲ. ಬೆಕ್ಕ ತಾನ ನೆಕ್ಕಿ ನೆಕ್ಕಿ ಮುರಕೊಂಡೈತಿ." ಕೂದಲಿನ ನಡುವೆ ಕರಿಮೆಣಸಿನ ಪುಡಿಯಂಥ ಚುಕ್ಕೆ ತೋರಿಸಿದರು, ಚಿಗಟದ ಹೊಲಸು. ಮೊದಲು ಚಿಗಟ ಕಡಿದು ನೆಕ್ಕಲು ಹತ್ತಿದೆ ಎಂದರು. ಪೂರ್ತಿ ಖಾತ್ರಿಗಾಗಿ ನಾಲ್ಕು ಕೂದಲು ಲ್ಯಾಬಿಗೆ ಕಳಿಸೋಣ ಎಂದರು. ಆಮೇಲೆ ಯಂತ್ರವನ್ನು ಸ್ವಲ್ಪ ಸರಿಸಿದರು.

ಪರದೆಯ ತುಂಬ ಹಳದಿ ಹರಳು. ಕೂದಲಿನ ಬುಡದಲ್ಲಿ, ಕೆಂಪಾದ ಚರ್ಮದ ಮೇಲೆ, ಎಲ್ಲೆಲ್ಲೂ.

"ಇದೇನ್ರಿ ಪುಡಿ? ಇದರ ಉರಿಗೇ ಅದು ಇಷ್ಟ ನೆಕ್ಕಾಕತ್ತೈತಿ. ಯಾರ ಹಾಕ್ಯಾರ?"

ಅಂಗಳದ ಇಪ್ಪತ್ತು ಜನ ಬಾಗಿಲಲ್ಲಿ. ಸೀಮಾ ತಲೆ ಎತ್ತಿ ನನ್ನನ್ನು ನೋಡಿದಳು. ಆಕೆಗೆ ಗೊತ್ತಿತ್ತು. ನಾನು ಅಂದೆ, "ಆಕಿನ ಹಾಕ್ಯಾಳ. ಬೆಕ್ಕ ಆಕೀದು."

ಇದನ್ನು ಹೇಳಲೆಂದೇ ನಾನು ಇವತ್ತು ಮೈಕಿನ ಮುಂದೆ ನಿಂತಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ಹಿಂದೆ ಕೂತವರಿಗೂ ಕೇಳಲಿ. ಆ ಗಂಧಕ ಹಾಕಿದವಳು ಸೀಮಾ ಅಲ್ಲ. ಹಾಕಿದವಳು ನಾನು. ಸುಳ್ಳು ಹೇಳಿದವಳೂ ನಾನು.

ಅಂದು ಸೀಮಾ ಬೆಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಡಾಕ್ಟರು ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದರು. ನನ್ನ ಬಿಲ್ವಾರ ಬಳೆಯ ಕೆತ್ತನೆಯ ಸಂದಿನಲ್ಲಿ, ಉಗುರಿನ ಅಂಚಿನಲ್ಲಿ ಅದೇ ಹಳದಿ. ಅದನ್ನು ನೋಡಲು ಯಾವ ಯಂತ್ರವೂ ಬೇಕಾಗಿರಲಿಲ್ಲ. ಬೇರೆಯವರ ಬಳೆಯ ಸಂದನ್ನು ಇಷ್ಟು ವರ್ಷ ನೋಡಿದವಳು ನನ್ನದನ್ನು ತೊಳೆದುಕೊಂಡಿರಲಿಲ್ಲ. ಅವರು ನೋಡಿದರು, ನೋಡಿದ್ದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವರಿಗೂ ತಿಳಿಯಿತು. "ಆತ್ರಿ. ಬೆಚ್ಚಗಿನ ನೀರಿಲೆ ತೊಳೀರಿ," ಎಂದಷ್ಟೇ ಹೇಳಿ ಚಿಗಟದ ಔಷಧ ಕೊಟ್ಟರು.

ಸಂಜೆಯೊಳಗೆ ಸೊಸೆ ಬೆಕ್ಕಿಗೆ ವಿಷ ತಿಕ್ಕಿದಳು ಎಂದು ಊರೆಲ್ಲ ಆಯಿತು. ನಾನು ಅಲ್ಲ ಅನ್ನಲಿಲ್ಲ. ಗುರುವಾರ ಸೀಮಾ ಒಂದು ಕೈಯಲ್ಲಿ ಸಪನಾಳನ್ನು, ಇನ್ನೊಂದು ಕೈಯಲ್ಲಿ ಬುಟ್ಟಿಯನ್ನು ಹಿಡಿದು ರಾಯಬಾಗದ ಬಸ್ಸು ಹತ್ತಿದಳು. ಅಮೋಲ ನನ್ನ ಎದುರು ಕೂತು ಊಟ ಮಾಡಿದ, ಏನೂ ಕೇಳಲಿಲ್ಲ. ನನ್ನನ್ನು ಏನೂ ಕೇಳಬಾರದು ಎಂದು ಅವನನ್ನು ನಾನೇ ಬೆಳೆಸಿದ್ದೇನೆ.

ಏಪ್ರಿಲ್‌ನಲ್ಲಿ ಡಾಕ್ಟರು ಮನೆಗೆ ಬಂದರು. ಕೈಯಲ್ಲಿ ಲ್ಯಾಬಿನ ಕಾಗದ. ಬೆಕ್ಕಿನ ಕೂದಲಿನಲ್ಲಿ ಗಜಕರ್ಣ ಇಲ್ಲ. ಆಗ ನಮ್ಮ ಅಂಗಳದಲ್ಲಿ ನನ್ನ ಪ್ರೀತಿಯ ಆಕಳ ಕರು ಕಟ್ಟಿತ್ತು. ಅದರ ಕಣ್ಣಿನ ಸುತ್ತ ಬೂದು ಬಣ್ಣದ ಹೊಟ್ಟು. ಡಾಕ್ಟರು ಚೀಲದಿಂದ ಯಂತ್ರ ತೆಗೆದು ಅಲ್ಲಿ ಇಟ್ಟರು. ನಾನು ಪರದೆ ನೋಡಿದೆ. ಕಾಮಾ, ಕಾಮಾ, ಕಾಮಾ. ಹತ್ತನೆಯ ಇಯತ್ತೆ ಪಾಸಾದವಳು, ಕಾಮಾ ಯಾವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆ ಕರುವಿಗೆ ದಿನಾ ಬೆಳಿಗ್ಗೆ ಸಪನಾಳ ಕೈಯಿಂದ ಹಿಂಡಿ ತಿನ್ನಿಸುತ್ತಿದ್ದವಳು ನಾನು. ಆಕಳಿನ ಸೇವೆ ಕಲಿಯಲಿ ಎಂದು. ಅದು ಕೂಸಿನ ಮೊಣಕೈವರೆಗೆ ನೆಕ್ಕುತ್ತಿತ್ತು. ಕೂಸಿಗೆ ಹತ್ತಿದ್ದು ಸೀಮಾಳ ಬೆಕ್ಕಿನಿಂದಲ್ಲ, ನನ್ನ ಕರುವಿನಿಂದ.

ಡಾಕ್ಟರು ಕಾಗದವನ್ನು ನನ್ನ ಕೈಗೆ ಕೊಟ್ಟು ಹೇಳಿದರು, "ನಾ ಇದನ್ನ ಯಾರಿಗೂ ಹೇಳಿಲ್ರಿ ಅವ್ವಾರ. ನೀವ ಹೇಳ್ರಿ."

ನಾನು ಏನು ಮಾಡಿದೆ? ಕಾಗದವನ್ನು ಟ್ರಂಕಿನಲ್ಲಿ ಹಾಕಿ ಕೀಲಿ ಹಾಕಿದೆ. ಅದೇ ವಾರ ನನ್ನ ಅಕ್ಷರದಲ್ಲಿ ಒಂದು ಅರ್ಜಿ ಬರೆದೆ. ಈ ಡಾಕ್ಟರು ದನಗಳನ್ನು ಬಿಟ್ಟು ಬೆಕ್ಕು ನಾಯಿಗಳ ಜೊತೆ ಆಟವಾಡುತ್ತಾರೆ, ಎಮ್ಮೆಗಳು ಬಾಗಿಲಲ್ಲಿ ನಿಂತು ನರಳುತ್ತವೆ, ಇವರನ್ನು ಬೇರೆ ಕಡೆ ಕಳಿಸಬೇಕು ಎಂದು. ಅವರು ನನ್ನನ್ನು ಬೈದಿದ್ದರೆ ಬರೆಯುತ್ತಿರಲಿಲ್ಲ. ಇಪ್ಪತ್ತು ಜನರ ಮುಂದೆ ನನ್ನ ಸುಳ್ಳನ್ನು ಬಯಲು ಮಾಡಿದ್ದರೂ ಬರೆಯುತ್ತಿರಲಿಲ್ಲವೇನೋ. ನೋಡಿಯೂ ಸುಮ್ಮನಿದ್ದರಲ್ಲ, ಅದನ್ನು ತಡೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ದಿನಾ ಅವರ ಗಾಡಿ ನಮ್ಮ ಮನೆಯ ಮುಂದೆ ಹೋಗುವಾಗ ನಾನು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದೆ.

ಅರ್ಜಿಗೆ ನಲವತ್ತೊಂದು ಸಹಿ ಬಿದ್ದವು. ಮೊದಲನೆಯದು ನನ್ನದು. ಎರಡನೆಯದು ಅಧ್ಯಕ್ಷರೇ, ನಿಮ್ಮದು. ಎಮ್ಮೆಯ ಮಾತನ್ನು ನೆನಪಿಡಿ ಎಂದದ್ದು ಇದಕ್ಕೇ. ಓದಿ ಸಹಿ ಮಾಡಿರಿ ಎಂದೆ. "ನೀವ ಬರದೀರಂದ್ರ ಓದೂದೇನೈತ್ರಿ ಅವ್ವಾರ," ಎಂದಿರಿ. ಇಲ್ಲಿ ಕೂತವರಲ್ಲಿ ಸಹಿ ಮಾಡದವರನ್ನು ಹುಡುಕಿದರೆ ಮುಂದಿನ ಸಾಲೂ ತುಂಬುವುದಿಲ್ಲ. ಈಗ ಎಲ್ಲರೂ ಸೇರಿ ಹಾರ ತಂದಿದ್ದೀರಿ, ಮಂಡಪ ಹಾಕಿಸಿದ್ದೀರಿ, ಊರು ಒಬ್ಬ ಒಳ್ಳೆಯ ಡಾಕ್ಟರನ್ನು ಕಳೆದುಕೊಂಡಿತು ಎಂದು ನನಗಿಂತ ಮೊದಲು ಮಾತಾಡಿದ ಮೂವರು ಹೇಳಿದಿರಿ. ಕಳೆದುಕೊಳ್ಳಲಿಲ್ಲ. ಕಳಿಸಿದೆವು.

ಹೋದ ಭಾನುವಾರ ಅಮೋಲನನ್ನು ಅಲಖನೂರಿಗೆ ಕಳಿಸಿದೆ. ಜೂನಿನ ಮಿರಗದ ಮಳೆ ಬೀಳುವ ಮೊದಲು ಸೊಸೆ ಮನೆಗೆ ಬರಲಿ, ಆದದ್ದು ಆಗಿ ಹೋಯಿತು ಎಂದು ಹೇಳಿಸಿದೆ. ಒಂದು ಸೀರೆಯನ್ನೂ ಕಳಿಸಿದೆ. ಸೀರೆ ಮಡಿಕೆ ಬಿಚ್ಚದೆ ತಿರುಗಿ ಬಂತು. ಜೊತೆಗೆ ಒಂದು ಮಾತು ಬಂತು, ಅಮೋಲ ನೆಲ ನೋಡುತ್ತ ಹೇಳಿದ: "ಮಂದ್ಯಾಗ ಅಂದದ್ದನ್ನ ಮಂದ್ಯಾಗನ ಹಿಂದಕ ತಗೋರಿ ಅಂತ ಹೇಳ್ಯಾಳವ್ವಾ. ಆಕಿ ಬಂದು ಕೇಳತಾಳಂತ. ಆಮ್ಯಾಲ ಇರೂದೋ ಹೋಗೂದೋ ಆಕಿನ ನೋಡತಾಳಂತ."

ನನ್ನ ಜೀವಮಾನದಲ್ಲಿ ಯಾರೂ ನನಗೆ ಹೀಗೆ ಹೇಳಿ ಕಳಿಸಿರಲಿಲ್ಲ. ಎರಡು ದಿನ ಸಿಟ್ಟಿನಲ್ಲಿ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಕಾಕಾಸಾಹೇಬರಿಗೆ ಫೋನ್ ಮಾಡಿ, ಬೀಳ್ಕೊಡುಗೆಯಲ್ಲಿ ನಾನು ಮಾತಾಡುತ್ತೇನೆ ಎಂದೆ. ಅವರಿಗೆ ಬಹಳ ಸಂತೋಷವಾಗಿತ್ತು. ಈಗ ಎಷ್ಟಿದೆಯೋ ಗೊತ್ತಿಲ್ಲ.

ಮಂಡಪದ ಕೊನೆಯ ಸಾಲಿನಲ್ಲಿ, ಗೇಟಿನ ಪಕ್ಕದ ಕುರ್ಚಿಯಲ್ಲಿ ಸೀಮಾ ಕೂತಿದ್ದಾಳೆ. ತೊಡೆಯ ಮೇಲೆ ಬುಟ್ಟಿ ಇದೆ. ಚಿಂಗಿಗೆ ಹೊಟ್ಟೆಯ ತುಂಬ ಹೊಸ ಕೂದಲು ಬಂದಿದೆ ಎಂದು ಸಪನಾ ಬರುವಾಗ ತನ್ನ ಅಪ್ಪನಿಗೆ ಹೇಳಿದಳಂತೆ. ನನಗೆ ಹೇಳಲಿಲ್ಲ. ನೀವು ಯಾರೂ ತಿರುಗಿ ನೋಡಬೇಡಿ. ಆಕೆಯನ್ನು ನೋಡಿದ್ದು ಸಾಕು.

ಸೀಮಾ, ಮಂದಿಯ ಮುಂದೆ ಅಂದದ್ದನ್ನು ಮಂದಿಯ ಮುಂದೆ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ಕೈ ಸ್ವಚ್ಛವಾಗಿತ್ತು. ನಾನು ನೋಡಲಿಲ್ಲ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ಅಳುವುದಂತೂ ಬರುವುದೇ ಇಲ್ಲ, ನಿಪ್ಪಾಣಿಯಲ್ಲೇ ಬಿಟ್ಟು ಬಂದಿದ್ದೇನೆ.

ಡಾಕ್ಟರ್ ಸುಗಂಧಾ ಅವರೇ, ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಮೇಲಿನ ಕಚೇರಿಗೆ ಹೋಗಿದ್ದೆ. ಆದೇಶವಾಗಿದೆ, ಇನ್ನು ಆಗುವುದಿಲ್ಲ ಎಂದರು. ಮಾಡಿದ ಕೆಡುಕು ಬೇಗ ಕೆಲಸ ಮಾಡುತ್ತದೆ. ನಿಮ್ಮನ್ನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನನಗೆ ಗೊತ್ತಿದೆ. ನೀವು ಹೋಗುವ ಊರಿನಲ್ಲಿ ನಿಮ್ಮ ಯಂತ್ರವನ್ನು ನೋಡಿ ಯಾರಾದರೂ ಮುದುಕಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರೆ, ಮೊದಲು ಆಕೆಯ ಕೈ ನೋಡಿರಿ.

ಕೊನೆಯ ಮಾತು. ತಟ್ಟೆಯಲ್ಲಿ ಶಾಲು ಇದೆ. ಅದನ್ನು ನಾನು ಹೊದಿಸುವುದಿಲ್ಲ. ಈ ಕೈ ಶೆಡ್ಡಿನ ಸಾಲಿನಲ್ಲಿ ನಿಂತಿದ್ದರೆ ನಾನೇ ಮನೆಗೆ ಕಳಿಸುತ್ತಿದ್ದೆ. ನಮ್ಮ ಮನೆಯ ಪರವಾಗಿ ಅದನ್ನು ಹೊದಿಸಬಹುದಾದವಳು ಒಬ್ಬಳೇ, ಆಕೆ ಗೇಟಿನ ಪಕ್ಕದಲ್ಲಿದ್ದಾಳೆ. ರಾಯಬಾಗದ ಬಸ್ಸು ಐದೂವರೆಗೆ. ಈಗ ಐದೂ ಇಪ್ಪತ್ತು. ಎದ್ದು ಆಕೆ ಯಾವ ಕಡೆ ನಡೆದರೂ ಯಾರೂ ಕರೆಯಬೇಡಿ, ಯಾರೂ ತಡೆಯಬೇಡಿ. ಅಮೋಲ, ನೀನೂ ಅಷ್ಟೇ. ಬಸ್ಸಿನ ಕಡೆ ಹೋದರೆ ಬುಟ್ಟಿ ಹಿಡಿದು ಹತ್ತಿಸಿ ಬಾ. ಶಾಲನ್ನು ಕಾಕಾಸಾಹೇಬರು ಹೊದಿಸುತ್ತಾರೆ.

ಮೈಕು ಕಸಿದುಕೊಳ್ಳದೆ ಕೇಳಿದ ಅಧ್ಯಕ್ಷರಿಗೆ, ಚಹಾ ಬಂದರೂ ಏಳದೆ ಕೂತ ನಿಮಗೆ, ಕಂಡದ್ದನ್ನು ಕಂಡ ಹಾಗೆ ಹೇಳಿ, ನಾನೇ ಹೇಳಬೇಕಾದ್ದನ್ನು ನನಗೇ ಬಿಟ್ಟುಕೊಟ್ಟ ಡಾಕ್ಟರಿಗೆ ಧನ್ಯವಾದ ಹೇಳಿ ನಾನು ಕೂಡುತ್ತೇನೆ. ಗೇಟಿನ ಕಡೆ ಬೆನ್ನು ಮಾಡಿ ಕೂಡುತ್ತೇನೆ.

ಎಲ್ಲರಿಗೂ ನಮಸ್ಕಾರ.